ದುಡ್ಡು ತಗೊಂಡು ಜೀವ ಉಳಿಸಿದರೆ ಅದು ಉಪಕಾರವಾ, ವ್ಯಾಪಾರವಾ?

ತುಂಗಾತೀರ | ಶನಿವಾರ, ರಾತ್ರಿ 8.50

ಮೊನ್ನೆ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಫಾರ್ವರ್ಡ್ ಹಾಕಿ ಮರ್ಯಾದೆ ಕಳಕೊಂಡೆ. ಎರಡನೇ ಮಹಾಯುದ್ಧದ ಹೊತ್ತಿಗೆ ಡೆನ್ಮಾರ್ಕಿನ ಯಹೂದಿಗಳೆಲ್ಲ ಗುರುತಿಗಾಗಿ ಹಳದಿ ನಕ್ಷತ್ರ ಕಟ್ಟಿಕೊಳ್ಳಬೇಕು ಅಂತ ಜರ್ಮನ್ನರು ಹುಕುಂ ಹೊರಡಿಸಿದರಂತೆ, ಮಾರನೇ ದಿನ ಅಲ್ಲಿನ ರಾಜನೇ ತೋಳಿಗೆ ನಕ್ಷತ್ರ ಕಟ್ಟಿಕೊಂಡು ಕುದುರೆ ಏರಿ ಊರಲ್ಲಿ ಸುತ್ತಿದನಂತೆ. ಓದುವಾಗ ಗಂಟಲು ಕಟ್ಟಿತ್ತು, ಹಾಗೇ ಹಾಕಿಬಿಟ್ಟೆ. ಹತ್ತು ನಿಮಿಷಕ್ಕೆ ಅಕ್ಕನ ಮಗ "ಮಾಮ, ಇದು ಸುಳ್ಳು" ಅಂತ ಎಲ್ಲರೆದುರೇ ಬರೆದ.

ಇದು ಸುಳ್ಳಾದರೆ ನಿಜ ಯಾವುದು ಅಂತ ಹುಡುಕುತ್ತ ಕೂತೆ. ಸಿಕ್ಕಿದ್ದು ಸುಳ್ಳಿಗಿಂತ ದೊಡ್ಡದು. ಮೀನುಗಾರರು ತಮ್ಮ ದೋಣಿಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ಗುಟ್ಟಾಗಿ, ಜರ್ಮನ್ನರ ಕೈಗೆ ಸಿಗದ ಪಕ್ಕದ ಸ್ವೀಡನ್ನಿಗೆ ದಾಟಿಸಿದ್ದರು. ಖುಷಿಯಲ್ಲಿ ಇನ್ನೊಂದಿಷ್ಟು ಓದಿದೆ. ಅಲ್ಲಿತ್ತು ನೋಡಿ: ತಲೆಗೆ ಇಷ್ಟು ಅಂತ ದುಡ್ಡು ತಗೊಂಡಿದ್ದರು. ಸರಾಸರಿ ಸಾವಿರ ಕ್ರೋನರ್. ಕೂಲಿ ಮಾಡುವವನ ಎರಡು ತಿಂಗಳ ದುಡಿಮೆಗೂ ಹೆಚ್ಚು.

ಅಲ್ಲಿಗೆ ಉತ್ಸಾಹ ಸರ್ರನೆ ಇಳಿಯಿತು. ಮುಳುಗುವವನನ್ನು ದಂಡೆಯಲ್ಲಿ ನಿಂತು "ಎಷ್ಟು ಕೊಡ್ತೀಯ" ಅಂತ ಕೇಳಿದ ಹಾಗಲ್ಲವೇ ಇದು? ತಿಳಿದವರು ಹೇಳಿ. ಬೈಯಬೇಡಿ.


ನಿವೃತ್ತ ಮೇಷ್ಟ್ರು | ಶನಿವಾರ, ರಾತ್ರಿ 9.35

ಬೇಜಾರು ಮಾಡ್ಕೋಬೇಡಿ ತುಂಗಾತೀರ. ಆ ರಾಜನ ಕಥೆಯನ್ನು ಎಷ್ಟೋ ವರ್ಷ ಎಂಟನೇ ಕ್ಲಾಸಿನಲ್ಲಿ ಬಣ್ಣ ಕಟ್ಟಿ ಹೇಳಿದವನು ನಾನು. ಆ ಮಕ್ಕಳೆಲ್ಲ ಈಗ ಸಿಕ್ಕರೆ ತಿದ್ದಬೇಕು ಅನ್ನಿಸುತ್ತೆ. ಹತ್ತನೇ ಕ್ರಿಶ್ಚಿಯನ್ ದೊರೆ ದಿನಾ ಕುದುರೆ ಮೇಲೆ ಒಬ್ಬನೇ ಕೋಪನ್‌ಹೇಗನ್ ಬೀದಿಯಲ್ಲಿ ಹೋಗುತ್ತಿದ್ದದ್ದು ನಿಜ. ಆದರೆ ಡೆನ್ಮಾರ್ಕಿನಲ್ಲಿ ಆ ನಕ್ಷತ್ರವನ್ನು ಜರ್ಮನ್ನರು ಹೇರಲೇ ಇಲ್ಲ. ಇಲ್ಲದ ನಕ್ಷತ್ರವನ್ನು ರಾಜ ಕಟ್ಟುವುದೆಲ್ಲಿಂದ ಬಂತು.

ನಡೆದದ್ದು ಹೀಗೆ. 1943ರ ಸೆಪ್ಟೆಂಬರ್ ಕೊನೆಗೆ ಬರ್ಲಿನ್ನಿನಿಂದ ಅಪ್ಪಣೆ ಬಂತು, ಡೆನ್ಮಾರ್ಕಿನ ಯಹೂದಿಗಳನ್ನೆಲ್ಲ ಒಂದೇ ರಾತ್ರಿ ಹಿಡಿಯಬೇಕು ಅಂತ. ಗುಟ್ಟು ಬಿಟ್ಟುಕೊಟ್ಟವನು ಒಬ್ಬ ಜರ್ಮನ್, ಅದೂ ನಾಜಿ ಪಕ್ಷದ ಸದಸ್ಯನಾಗಿದ್ದವನು: ಜರ್ಮನ್ ದೂತಾವಾಸದಲ್ಲಿ ಹಡಗು ವ್ಯವಹಾರ ನೋಡಿಕೊಳ್ಳುತ್ತಿದ್ದ ಗಿಯೋರ್ಗ್ ಡಕ್‌ವಿಟ್ಸ್. ಸೆಪ್ಟೆಂಬರ್ 28ಕ್ಕೆ ಅವನು ಹೋಗಿ ಡೇನಿಷ್ ರಾಜಕಾರಣಿ ಹಾನ್ಸ್ ಹೆಡ್ಟಾಫ್ಟ್‌ಗೆ ಹೇಳಿದ. ಹೆಡ್ಟಾಫ್ಟ್ ಓಡಿ ಯಹೂದಿ ಸಮುದಾಯದ ಮುಖ್ಯಸ್ಥರ ಮನೆಗೆ ಹೋದರೆ ಅವರು "ಸುಳ್ಳು ಹೇಳ್ತಿದ್ದೀರಿ" ಅಂದರಂತೆ! ಮಾರನೇ ಬೆಳಗ್ಗೆ ರಬ್ಬಿ (ಯಹೂದಿ ಧರ್ಮಗುರು) ಮಾರ್ಕುಸ್ ಮೆಲ್ಕಿಯೋರ್ ಪ್ರಾರ್ಥನೆಗೆ ಬಂದವರನ್ನೆಲ್ಲ ನಿಲ್ಲಿಸಿ, ಇವತ್ತು ಪ್ರಾರ್ಥನೆ ಇಲ್ಲ, ಮನೆ ಬಿಟ್ಟು ಅಡಗಿಕೊಳ್ಳಿ, ಗೊತ್ತಿದ್ದವರಿಗೆಲ್ಲ ಹೇಳಿ ಅಂತ ಕಳಿಸಿದರು.

ಅಕ್ಟೋಬರ್ 1ರ ರಾತ್ರಿ ಜರ್ಮನ್ ಪೊಲೀಸರು ಬಾಗಿಲು ಬಡಿದಾಗ ಹೆಚ್ಚಿನ ಮನೆಗಳು ಖಾಲಿ. ಸ್ವೀಡನ್ ಮಾರನೇ ದಿನವೇ ರೇಡಿಯೋದಲ್ಲಿ, ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತೇವೆ ಅಂತ ಸಾರಿತು. ಸುಮಾರು 7,200 ಯಹೂದಿಗಳು, ಅವರ ಜೊತೆ ಯಹೂದಿಗಳಲ್ಲದ ಗಂಡ, ಹೆಂಡತಿ, ನೆಂಟರು 700 ಮಂದಿ ದಾಟಿದರು. ಸಿಕ್ಕಿಬಿದ್ದ 470ರಷ್ಟು ಜನರನ್ನು ನಾಜಿಗಳ ಥೆರೇಸಿಯನ್‌ಸ್ಟಾಟ್ ಸೆರೆಶಿಬಿರಕ್ಕೆ ಸಾಗಿಸಿದರು.

ದುಡ್ಡಿನ ಪ್ರಶ್ನೆಗೆ ಆಮೇಲೆ ಬರ್ತೀನಿ. ಮನೆಯವಳು ಊಟಕ್ಕೆ ಕರೀತಿದ್ದಾಳೆ.


ಗಿರ್ಮಿಟ್ ಪ್ಲೇಟ್ | ಶನಿವಾರ, ರಾತ್ರಿ 10.05

ಅಲ್ರೀ, ಇದರಾಗ ವಿಚಾರ ಮಾಡೋದ ಏನೈತಿ? ರೊಕ್ಕಾ ತಗೊಂಡ್ರ ವ್ಯಾಪಾರ, ತಗೊಳ್ಳಲಿಲ್ಲಂದ್ರ ಪುಣ್ಯ. ನಮ್ಮ ಕಡೆ ಮಳಿಗಾಲದಾಗ ಹಳ್ಳ ತುಂಬಿದಾಗ ಟ್ರ್ಯಾಕ್ಟರ್ ಮ್ಯಾಲ ದಾಟಸ್ತಾರ, ತಲಿಗೆ ಐವತ್ತು ರೂಪಾಯಿ. ಅವರಿಗೆ ಯಾರೂ ಹಾರಾ ಹಾಕೂದಿಲ್ಲ. ಡೆನ್ಮಾರ್ಕಿನ್ಯಾಗ ಹಾಕಿದ್ರ ಅದು ಬಿಳಿ ತೊಗಲಿನ ಮಹಿಮಾ.


ಮಲ್ಪೆ ಬಂದರು | ಶನಿವಾರ, ರಾತ್ರಿ 10.40

ಗಿರ್ಮಿಟ್ ಅವರೇ, ಟ್ರ್ಯಾಕ್ಟರಿನವನನ್ನು ಹಳ್ಳದ ಆಚೆ ಯಾರೂ ಗುಂಡು ಹೊಡೀಲಿಕ್ಕೆ ಕಾಯ್ತಾ ಇರುದಿಲ್ಲ ಅಲ್ವಾ.

ನಮ್ಮ ಅಪ್ಪ ನಲವತ್ತು ವರ್ಷ ಬೋಟಿನಲ್ಲಿ ತಂಡೇಲ, ಅಂದ್ರೆ ಬೋಟು ನಡೆಸುವವ, ಆಗಿದ್ದವರು. ಬೋಟ್ ಅಂದ್ರೆ ಏನು ಅಂತ ಸ್ವಲ್ಪ ಹೇಳ್ತೇನೆ. ಬೋಟು ಒಬ್ಬನದ್ದಲ್ಲ. ಅದರ ಮೇಲೆ ಸಾಲ ಉಂಟು, ಪಾಲು ಉಂಟು, ಅದರಲ್ಲಿ ಹೋಗುವ ಅಷ್ಟೂ ಮನೆಯ ಒಲೆ ಅದರಿಂದ ಉರಿಯುದು. ಒಂದು ಸೀಸನ್ ಬೋಟು ದಡದಲ್ಲಿ ನಿಂತ್ರೆ ಹೆಂಡತಿಯ ಕುತ್ತಿಗೆಯದ್ದು ಸೊಸೈಟಿಯಲ್ಲಿ ಇರ್ತದೆ. ಈಗ ಯೋಚನೆ ಮಾಡಿ. ಜರ್ಮನ್ನರು ಹಿಡಿದ್ರೆ ಬೋಟು ಹೋಯ್ತು, ತಂಡೇಲ ಜೈಲಿಗೆ, ಮನೆಯವರು ಬೀದಿಗೆ. ಆ ಮೀನುಗಾರ "ಬೋಟು ಹೋದ್ರೆ ನನ್ನ ಮಕ್ಕಳ ಗತಿ ಏನು" ಅಂತ ಒಂದು ಲೆಕ್ಕ ಹಾಕಿ ದುಡ್ಡು ಕೇಳಿದ್ರೆ ನಾನಂತೂ ಅವನನ್ನು ಕಳ್ಳ ಹೇಳುದಿಲ್ಲ.

ಹಾಂ, ಮೊದಲ ಎರಡು ಮೂರು ದಿನ ಹೆದರಿದವರ ಹತ್ರ ಬಾಯಿಗೆ ಬಂದಷ್ಟು ಕೇಳಿ ತಗೊಂಡವರೂ ಇದ್ರಂತೆ. ಅದು ಸರಿ ಅಂತ ಹೇಳುದಿಲ್ಲ. ಆಮೇಲೆ ಊರಿನವರು, ಡಾಕ್ಟರುಗಳು, ಕಾಲೇಜು ಹುಡುಗರು ಗುಂಪು ಕಟ್ಟಿ, ದುಡ್ಡಿದ್ದವರಿಂದ ಚಂದಾ ಎತ್ತಿ, ಇಲ್ಲದವರ ಪಾಲನ್ನು ತಾವೇ ಕೊಟ್ರು. ದುಡ್ಡಿಲ್ಲ ಅಂತ ದಡದಲ್ಲಿ ಬಿಟ್ಟು ಬರ್ಲಿಲ್ಲ.


ಗಿರ್ಮಿಟ್ ಪ್ಲೇಟ್ | ಶನಿವಾರ, ರಾತ್ರಿ 10.52

ಆತು ಬಿಡ್ರಿ, ಟ್ರ್ಯಾಕ್ಟರ್ ಮಾತು ವಾಪಸ್ ತಗೊಂಡೆ. ಆದ್ರ ನಾನೂ ಸ್ವಲ್ಪ ಓದೀನಿ. ಜರ್ಮನ್ ನೌಕಾಪಡಿ ಅವತ್ತ ಅಷ್ಟ ಜೋರ ಹುಡುಕಿರಲಿಲ್ಲಂತ. ಎಷ್ಟೋ ಕಡೆ ಕಂಡೂ ಕಾಣದಂಗ ಇದ್ರಂತ. ಹಂಗಾದ್ರ ಅಪಾಯ ಎಲ್ಲಿತ್ತು?


ಮಲ್ಪೆ ಬಂದರು | ಶನಿವಾರ, ರಾತ್ರಿ 11.10

ಅದು ನಿಮಗೆ ಈಗ ಗೊತ್ತು ಮಾರಾಯ್ರೆ. ಅವನಿಗೆ ಆ ರಾತ್ರಿ ಗೊತ್ತಿತ್ತಾ?


ರಾತ್ರಿಪಾಳಿ | ಭಾನುವಾರ, ಬೆಳಗಿನ ಜಾವ 3.20

ಡ್ಯೂಟಿಯಲ್ಲಿದ್ದೇನೆ, ವಾರ್ಡ್ ಸ್ವಲ್ಪ ತಣ್ಣಗಿದೆ, ಅದಕ್ಕೇ ಬರೀತಿದ್ದೇನೆ. ನಾನು ಸ್ಟಾಫ್ ನರ್ಸ್. ಅಪಾಯ ಇರಲಿಲ್ಲ ಅನ್ನುವವರಿಗೆ ಎರಡು ವಿಷಯ.

ಸ್ನೆಕ್ಕರ್‌ಸ್ಟನ್ ಅನ್ನುವ ಕಡಲತೀರದ ಹಳ್ಳಿಯಲ್ಲಿ ಹೆನ್ರಿ ಥಾಮ್ಸನ್ ಅಂತ ಒಬ್ಬ ಛತ್ರದ ಮಾಲೀಕ ಇದ್ದ. ದೋಣಿ ಹತ್ತುವವರು ಅವನ ಛತ್ರದಲ್ಲಿ ಕಾಯುತ್ತಿದ್ದರು. ನಾಜಿಗಳ ಗುಪ್ತ ಪೊಲೀಸ್ ಗೆಸ್ಟಾಪೊ ಅವನನ್ನು ಹಿಡಿಯಿತು. 1944ರ ಡಿಸೆಂಬರಿನಲ್ಲಿ ನಾಯ್ಎನ್‌ಗಾಮೆ ಶಿಬಿರದಲ್ಲಿ ಸತ್ತ. ಗಿಲೆಲೈಯೆ ಅನ್ನುವ ಮೀನುಗಾರರ ಊರಿನಲ್ಲಿ ಚರ್ಚಿನ ಅಟ್ಟದ ಮೇಲೆ ಬಚ್ಚಿಟ್ಟಿದ್ದ ಸುಮಾರು 80 ಜನ ಅಕ್ಟೋಬರ್ 6ರ ರಾತ್ರಿ ಸಿಕ್ಕಿಬಿದ್ದರು. ಯಾರೋ ಹೇಳಿಕೊಟ್ಟಿದ್ದರು. "ಕಂಡೂ ಕಾಣದಂಗ" ಇರದವರೂ ಇದ್ದರು ಅನ್ನೋದಕ್ಕೆ ಹೇಳಿದೆ.

ನನಗೆ ತಲೆಯಿಂದ ಹೋಗದ ವಿಷಯ ಬೇರೆ. ಕೋಪನ್‌ಹೇಗನ್ನಿನ ಬಿಸ್ಪೆಬ್ಯಾರ್ ಆಸ್ಪತ್ರೆ. ಅಲ್ಲಿನ ಡಾಕ್ಟರು, ನರ್ಸುಗಳು ಓಡಿಬಂದವರನ್ನು ರೋಗಿಗಳ ಹೆಸರಿನಲ್ಲಿ ವಾರ್ಡುಗಳಲ್ಲಿ, ನರ್ಸುಗಳ ಕ್ವಾರ್ಟರ್ಸಿನಲ್ಲಿ ಇಟ್ಟುಕೊಂಡು ಆಂಬುಲೆನ್ಸಿನಲ್ಲಿ ಕಡಲ ಕಡೆ ಸಾಗಿಸಿದರು. ಸುಮಾರು ಎರಡು ಸಾವಿರ ಮಂದಿ ಆ ಆಸ್ಪತ್ರೆ ಹಾದು ಹೋದರು ಅಂತಾರೆ. ಕೇಸ್ ಶೀಟ್ ಬರೆಯುವವರಿಗೆ ಗೊತ್ತು ಅದೇನು ಕೆಲಸ ಅಂತ. ಹೆಸರು, ವಯಸ್ಸು, ಕಾಯಿಲೆ, ಎಲ್ಲ ಕಟ್ಟಬೇಕು. ಊಟದ ಇಂಡೆಂಟ್ ಹೆಚ್ಚಾದರೆ ಯಾರಾದರೂ ಕೇಳುತ್ತಾರೆ. ಸ್ವೀಪರ್‌ನಿಂದ ಹಿಡಿದು ಮೇಟ್ರನ್‌ವರೆಗೆ ಒಬ್ಬರೂ ಬಾಯಿ ಬಿಡಬಾರದು. ನಮ್ಮಲ್ಲಿ ಯಾರ ಇನ್‌ಕ್ರಿಮೆಂಟ್ ಎಷ್ಟು ಅನ್ನೋದೇ ಒಂದು ಗಂಟೆ ಗುಟ್ಟಾಗಿ ಉಳಿಯಲ್ಲ.

ಮತ್ತೆ ಮಕ್ಕಳು. ದೋಣಿಯ ಅಡಿಯಲ್ಲಿ ಮಗು ಅತ್ತರೆ ಎಲ್ಲರೂ ಹೋದ ಹಾಗೆ. ಅದಕ್ಕೆ ಡಾಕ್ಟರುಗಳು ದಡದಲ್ಲೇ ನಿಂತು ಮಕ್ಕಳಿಗೆ ನಿದ್ದೆಯ ಇಂಜೆಕ್ಷನ್ ಕೊಡುತ್ತಿದ್ದರು. ಕತ್ತಲಲ್ಲಿ, ತೂಕ ನೋಡಲು ತಕ್ಕಡಿ ಇಲ್ಲದೆ, ಚಳಿಯಲ್ಲಿ ನಡುಗುವ ಮಗುವಿನ ತೊಡೆಗೆ. ಸ್ವಲ್ಪ ಕಡಿಮೆಯಾದರೆ ಎದ್ದು ಅಳುತ್ತೆ, ಸ್ವಲ್ಪ ಹೆಚ್ಚಾದರೆ ಉಸಿರು ನಿಲ್ಲುತ್ತೆ. ಕೊಟ್ಟ ಮೇಲೆ ದೋಣಿ ಹೋಗಿಬಿಡುತ್ತೆ, ಮಗು ಎದ್ದಿತೋ ಇಲ್ಲವೋ ನೋಡುವ ಹಾಗಿಲ್ಲ. ಹನ್ನೆರಡು ವರ್ಷ ಪೀಡಿಯಾಟ್ರಿಕ್ಸ್‌ನಲ್ಲಿ ಮಾಡಿದ್ದೇನೆ, ಆ ಸಿರಿಂಜ್ ಹಿಡಿಯೋದು ನನ್ನ ಕೈಲಿ ಆಗ್ತಿತ್ತಾ ಗೊತ್ತಿಲ್ಲ.

ಬೆಲ್ ಆಯ್ತು. ಬರ್ತೀನಿ.


ಗಿರ್ಮಿಟ್ ಪ್ಲೇಟ್ | ಭಾನುವಾರ, ಬೆಳಗ್ಗೆ 8.15

ರಾತ್ರಿಪಾಳಿ ಅಕ್ಕಾರ, ನಮಸ್ಕಾರ. ನಾ ಸುಮ್ಮನಾದೆ.


ನಿವೃತ್ತ ಮೇಷ್ಟ್ರು | ಭಾನುವಾರ, ಬೆಳಗ್ಗೆ 9.30

ಗಿರ್ಮಿಟ್ ಸುಮ್ಮನಾಗಬಾರದು. ಅವರ ಪ್ರಶ್ನೆಗೆ ಇನ್ನೂ ಕಷ್ಟದ ಉದಾಹರಣೆ ನನ್ನ ಹತ್ತಿರ ಇದೆ. ಸ್ವಲ್ಪ ಉದ್ದ, ಕಾಫಿ ತಗೊಂಡು ಕೂತ್ಕೊಳ್ಳಿ.

ಲ್ವೂಫ್, ಯುದ್ಧಕ್ಕೆ ಮುಂಚೆ ಪೋಲೆಂಡಿನದ್ದು, ಈಗ ಉಕ್ರೇನಿನ ಲ್ವಿವ್. ಆಗ ಪೋಲಿಷರು, ಉಕ್ರೇನಿಯನ್ನರು, ಯಹೂದಿಗಳು ಒಟ್ಟಿಗಿದ್ದ ಊರು. 1943ರ ಜೂನ್ ಹೊತ್ತಿಗೆ ಜರ್ಮನ್ನರು ಅಲ್ಲಿನ ಘೆಟ್ಟೋವನ್ನು, ಅಂದರೆ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಯನ್ನು, ಪೂರ್ತಿ ಬರಿದು ಮಾಡಲು ಹೊರಟರು. ಅದಕ್ಕೂ ಮುಂಚೆಯೇ ಇಗ್ನಾಸಿ ಖಿಗರ್ ಅನ್ನುವವನೂ ಇನ್ನು ಕೆಲವರೂ ಒಂದು ನೆಲಮನೆಯಿಂದ ಚಮಚ, ಫೋರ್ಕಿನಂಥ ಸಾಮಾನಲ್ಲಿ ನೆಲ ಕೊರೆದು ಊರಿನ ಒಳಚರಂಡಿಗೆ ದಾರಿ ಮಾಡಿಕೊಂಡಿದ್ದರು. ಕೆಳಗೆ ಇಳಿದರೆ ಎದುರಿಗೆ ಲಾಟೀನು ಹಿಡಿದ ಮೂವರು ಚರಂಡಿ ಕೆಲಸಗಾರರು. ಅವರಲ್ಲಿ ಮುಖ್ಯನಾದವನು ಲಿಯೋಪೋಲ್ಡ್ ಸೋಖಾ. ಚಿಕ್ಕಂದಿನಿಂದ ಸಣ್ಣಪುಟ್ಟ ಕಳ್ಳತನ ಮಾಡಿ ಜೈಲು ಕಂಡು ಬಂದವನು. ಜರ್ಮನ್ನರಿಗೆ ಹಿಡಿದುಕೊಟ್ಟರೆ ಇನಾಮು ಸಿಗುತ್ತೆ, ಬಚ್ಚಿಟ್ಟರೆ ಗಲ್ಲು. ಪೋಲೆಂಡಿನಲ್ಲಿ ಯಹೂದಿಗೆ ಆಸರೆ ಕೊಟ್ಟವನಿಗೆ ಮರಣದಂಡನೆ ಅನ್ನುವ ಆಜ್ಞೆ 1941ರ ಅಕ್ಟೋಬರಿನಲ್ಲೇ ಬಂದಿತ್ತು.

ಸೋಖಾ ದರ ಹೇಳಿದ. ದಿನಕ್ಕೆ ಇಷ್ಟು ಅಂತ. ಖಿಗರ್ ಹತ್ತಿರ ಹೂತಿಟ್ಟ ಹಣ, ಒಡವೆ ಇತ್ತು, ಒಪ್ಪಿದ.

ಹದಿನಾಲ್ಕು ತಿಂಗಳು ಆ ಚರಂಡಿಯಲ್ಲಿ. ಮೊದಲು ಇಪ್ಪತ್ತರಷ್ಟು ಜನ ಇದ್ದರು, ಕೊನೆಗೆ ಉಳಿದವರು ಹತ್ತು ಮಂದಿ. ಮಳೆ ಬಂದರೆ ನೀರು ಕತ್ತಿನವರೆಗೆ, ಇಲಿಗಳು ಬ್ರೆಡ್ಡಿಗೆ ಮುತ್ತುತ್ತಿದ್ದವು. ಅಲ್ಲೇ ಹುಟ್ಟಿದ ಒಂದು ಕೂಸು ಉಳಿಯಲಿಲ್ಲ. ಸೋಖಾ ಮತ್ತವನ ಸಂಗಡಿಗರು ಸಾಮಾನಿನ ಚೀಲದಲ್ಲಿ ಬ್ರೆಡ್ಡು ಇಟ್ಟುಕೊಂಡು ಕೊಳವೆಗಳಲ್ಲಿ ತೆವಳಿ ಬರುತ್ತಿದ್ದರು. ಅಡಗಿದ್ದವರ ಕೊಳೆ ಬಟ್ಟೆಯನ್ನು ಸೋಖಾ ಒಯ್ದು ಹೆಂಡತಿ ಕೈಲಿ ಒಗೆಸಿ ತರುತ್ತಿದ್ದ. ಯಹೂದಿಗಳ ವಾರದ ಪವಿತ್ರ ದಿನವಾದ ಸಬ್ಬತ್ತಿಗೆ ಮೇಣದ ಬತ್ತಿ ತಂದುಕೊಟ್ಟ. ಖಿಗರನ ಮಗಳು ಕ್ರಿಸ್ಟಿನಾಗೆ ಆಗ ಏಳು ವರ್ಷ. ಕತ್ತಲಲ್ಲಿ ಮಾತು ಬಿಟ್ಟು ಮಂಕಾಗಿ ಕೂತವಳನ್ನು ಸೋಖಾ ಕೊಳವೆಯೊಳಗೆ ಕರೆದುಕೊಂಡು ಹೋಗಿ, ಮೇಲಿನ ಕಿಂಡಿಯಿಂದ ಬೆಳಕು ಬೀಳುವ ಕಡೆ ಎತ್ತಿ ಹಿಡಿದು ತೋರಿಸಿದನಂತೆ. ಅಜ್ಜಿ ಹೆಣೆದುಕೊಟ್ಟ ಹಸಿರು ಸ್ವೆಟರ್ ಒಂದು ಅವಳ ಮೈಮೇಲಿತ್ತು. ಆ ಸ್ವೆಟರ್ ಈಗ ವಾಷಿಂಗ್ಟನ್ನಿನ ಮ್ಯೂಸಿಯಮ್ಮಿನಲ್ಲಿದೆ.

ಒಂದು ದಿನ ಖಿಗರನ ಹಣ ಮುಗಿಯಿತು. ಸೋಖಾ ಬರುವುದನ್ನು ನಿಲ್ಲಿಸಲಿಲ್ಲ. ತನ್ನ ಸಂಬಳದಲ್ಲೇ ತರತೊಡಗಿದ. 1944ರ ಜುಲೈಯಲ್ಲಿ ರಷ್ಯನ್ನರು ಬಂದ ಮೇಲೆ ಅವನೇ ಮ್ಯಾನ್‌ಹೋಲ್ ಮುಚ್ಚಳ ತೆಗೆದು ಅವರನ್ನು ಮೇಲೆ ಕರೆದ. ಕ್ರಿಸ್ಟಿನಾಳ ಪುಟ್ಟ ತಮ್ಮ ಬೆಳಕು, ಜನ ನೋಡಿ ಹೆದರಿ, ವಾಪಸ್ ಕೆಳಗೇ ಹೋಗೋಣ ಅಂತ ಅತ್ತನಂತೆ.

ಎರಡು ವರ್ಷಕ್ಕೆ, 1946ರ ಮೇನಲ್ಲಿ, ರಸ್ತೆಯಲ್ಲಿ ಮಗಳ ಮೇಲೆ ನುಗ್ಗಿದ ಸೈನ್ಯದ ಲಾರಿಯಿಂದ ಅವಳನ್ನು ತಪ್ಪಿಸಲು ಹೋಗಿ ಸೋಖಾ ಸತ್ತ. ಯಹೂದಿಗಳಿಗೆ ಸಹಾಯ ಮಾಡಿದ್ದಕ್ಕೆ ದೇವರು ಕೊಟ್ಟ ಶಿಕ್ಷೆ ಅಂತ ಸಾವಿನ ಮನೆಯಲ್ಲೇ ಆಡಿಕೊಂಡರು.

ಗಿರ್ಮಿಟ್, ಈಗ ಹೇಳಿ. ಯಾವ ತಾರೀಖಿನವರೆಗೆ ಅದು ವ್ಯಾಪಾರ, ಯಾವ ತಾರೀಖಿನಿಂದ ಪುಣ್ಯ?


ಗಿರ್ಮಿಟ್ ಪ್ಲೇಟ್ | ಭಾನುವಾರ, ಬೆಳಗ್ಗೆ 10.02

ಮೇಷ್ಟ್ರ, ನೀವು ಪ್ರಶ್ನಿ ಪತ್ರಿಕಿ ತಗಿಯೂದ ಬಿಟ್ಟಿಲ್ಲ. ಒಂದ ಮಾತು. ಗಟಾರದಾಗ ಇಳಿಯೋ ಮನಷಾಗ ಮ್ಯಾಲಿನವರು ಹತ್ರ ಬರಗೊಡಂಗಿಲ್ಲ, ಎಲ್ಲಾ ಊರಾಗೂ ಹಂಗ. ಆ ಮನಷಾನ ಹತ್ರಾನ ಕೀಲಿ ಇತ್ತು ನೋಡ್ರಿ. ದೊಡ್ಡ ಮಂದಿಗೆ ತಮ್ಮ ಊರಿನ ಕೆಳಗ ದಾರಿ ಹೆಂಗದಾವ ಅನ್ನೋದ ಗೊತ್ತಿರಂಗಿಲ್ಲ.


ಕರಿಕೋಟು | ಭಾನುವಾರ, ಬೆಳಗ್ಗೆ 10.45

ಮೇಷ್ಟ್ರ ಪ್ರಶ್ನೆಗೆ ಒಂದು ಸಂಸ್ಥೆ ಅರವತ್ತು ವರ್ಷದಿಂದ ಉತ್ತರ ಹೇಳುತ್ತಾ ಕೂತಿದೆ. ಜೆರುಸಲೇಮಿನ ಯಾದ್ ವಾಶೆಮ್. ಯಹೂದಿಗಳಲ್ಲದೆಯೂ ಯಹೂದಿಗಳನ್ನು ಕಾಪಾಡಿದವರನ್ನು 1963ರಿಂದ ಗುರುತಿಸಿ ಗೌರವಿಸುತ್ತಿದ್ದಾರೆ. ಈವರೆಗೆ 28 ಸಾವಿರಕ್ಕೂ ಹೆಚ್ಚು ಹೆಸರು, ಅದರಲ್ಲಿ ಪೋಲೆಂಡಿನವರೇ 7 ಸಾವಿರಕ್ಕೂ ಹೆಚ್ಚು. ನಿವೃತ್ತ ನ್ಯಾಯಾಧೀಶರ ಮುಂದಾಳತ್ವದ ಸಮಿತಿ, ಸಾಕ್ಷಿ, ದಾಖಲೆ, ಎಲ್ಲ ನಮ್ಮ ಕೋರ್ಟಿನ ಹಾಗೇ (ವಾಯಿದೆ ಮಾತ್ರ ಸ್ವಲ್ಪ ಕಡಿಮೆ). ಜೀವಕ್ಕೋ ಸ್ವಾತಂತ್ರ್ಯಕ್ಕೋ ಅಪಾಯ ಇದ್ದಿರಬೇಕು, ಹಣವೇ ಸಹಾಯದ ಷರತ್ತಾಗಿರಬಾರದು.

"ಷರತ್ತು" ಅನ್ನುವ ಪದ ಗಮನಿಸಿ. ಊಟದ ಖರ್ಚಿಗೆ ದುಡ್ಡು ತಗೊಂಡರೆ ಅಡ್ಡಿಯಿಲ್ಲ. ದುಡ್ಡು ಮುಗಿದ ಮೇಲೆ ಏನು ಮಾಡಿದ ಅನ್ನುವುದೇ ಸಾಕ್ಷಿ. ಸೋಖಾ ಮತ್ತವನ ಹೆಂಡತಿಗೆ 1978ರಲ್ಲಿ ಆ ಮನ್ನಣೆ ಸಿಕ್ಕಿತು. ನನ್ನ ಕೇಳಿದರೆ ತೀರ್ಪು ಸರಿಯಾಗಿದೆ.


ಉಪ್ಪಿನಕಾಯಿ ಭರಣಿ | ಭಾನುವಾರ, ಮಧ್ಯಾಹ್ನ 12.30

ನೀವೆಲ್ಲ ದುಡ್ಡು, ಧೈರ್ಯ, ಕಾನೂನು ಅಂತ ಮಾತಾಡ್ತಿದ್ದೀರಿ. ಅಡುಗೆ ಯಾರು ಮಾಡಿದ್ದು ಅಂತ ಒಬ್ಬರೂ ಕೇಳಲಿಲ್ಲವಲ್ಲ.

ಡೆನ್ಮಾರ್ಕಿನದ್ದು ಎರಡು ಮೂರು ವಾರದ ಕೆಲಸ. ಬೇರೆ ಕಡೆ ಬಚ್ಚಿಟ್ಟದ್ದು ತಿಂಗಳು, ವರ್ಷಗಟ್ಟಲೆ. ರೇಷನ್ನಿನ ಕಾಲ ಅದು, ತಲೆಗೆ ಇಷ್ಟೇ ಅಂತ ಚೀಟಿ. ನಾಲ್ಕು ಜನರ ಚೀಟಿಯಲ್ಲಿ ಏಳು ಜನರ ಹೊಟ್ಟೆ ತುಂಬಬೇಕು. ಅಂಗಡಿಯಲ್ಲಿ ಎರಡು ಸೇರು ಆಲೂಗಡ್ಡೆ ಜಾಸ್ತಿ ತಗೊಂಡರೆ "ಏನಮ್ಮ, ನೆಂಟರಾ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಒಗೆದ ಬಟ್ಟೆ ಎಲ್ಲಿ ಹರವೋದು? ಮನೆಯಲ್ಲಿಲ್ಲದ ಅಳತೆಯ ಅಂಗಿ ತಂತಿಯ ಮೇಲೆ ಕಂಡರೆ ಸಾಕು. ಕಕ್ಕಸಿನ ಬಕೆಟ್ಟು, ಅಟ್ಟದ ಮೇಲಿನವನ ಕೆಮ್ಮು, ಹುಷಾರಿಲ್ಲದಿದ್ದರೆ ಡಾಕ್ಟರು... ಅತ್ತೆ ಎರಡು ವಾರ ಬಂದು ಕೂತರೇ ನನಗೆ ತಲೆ ಕೆಡುತ್ತೆ, ತಮಾಷೆಗೆ ಹೇಳ್ತಿಲ್ಲ.

ಫ್ರಾನ್ಸಿನ ಗುಡ್ಡಗಾಡಿನಲ್ಲಿ ಲೆ ಶಾಂಬೋನ್ ಅಂತ ಒಂದು ಹಳ್ಳಿ. ಅಲ್ಲಿನ ಪಾದ್ರಿ ಆಂದ್ರೆ ತ್ರೋಕ್ಮೆ, ಹೆಂಡತಿ ಮಾಗ್ದಾ. ಫ್ರಾನ್ಸ್ ಜರ್ಮನಿಗೆ ಸೋತ ಮೇಲಿನ ಮೊದಲ ಚಳಿಗಾಲದಲ್ಲಿ ಒಬ್ಬ ಜರ್ಮನ್ ಯಹೂದಿ ಹೆಂಗಸು ಹಿಮದಲ್ಲಿ ನೆಂದು ಬಂದು ಬಾಗಿಲು ತಟ್ಟಿದಳು. ಮಾಗ್ದಾ ಒಳಗೆ ಕರೆದಳು. ಒದ್ದೆ ಬೂಟು ಬಿಚ್ಚಿಸಿ ಒಲೆಯ ಗೂಡಿನಲ್ಲಿ ಒಣಗಲು ಇಟ್ಟಳು. ಇವಳಿಗೊಂದು ಗುರುತಿನ ಚೀಟಿ ಮಾಡಿಸೋಣ ಅಂತ ಊರಿನ ಮೇಯರ್ ಹತ್ತಿರ ಓಡಿದರೆ ಅವನು, ಮೊದಲು ಅವಳನ್ನು ಊರು ಬಿಡಿಸು ಅಂದ. ಸಿಟ್ಟಲ್ಲಿ ವಾಪಸ್ ಬಂದು ನೋಡಿದರೆ ಬೂಟು ಒಲೆಯಲ್ಲಿ ಸುಟ್ಟು ಕರಕಲು! ಚರ್ಮದ ಬೂಟಿಗೂ ಚೀಟಿ ಬೇಕಿದ್ದ ಕಾಲ. ಆ ಹೆಂಗಸನ್ನು ಕಳಿಸೋಣ ಅಂದರೂ ಬರಿಗಾಲಲ್ಲಿ ಹಿಮದಲ್ಲಿ ಕಳಿಸೋದು ಹೇಗೆ? ಮಾಗ್ದಾ ಊರಲ್ಲಿ ಬೂಟು ಹುಡುಕಿಕೊಂಡು ಅಲೆದಳು.

ಸಾವಿರಾರು ಜನಕ್ಕೆ ಆಸರೆ ಕೊಟ್ಟ ಆ ಸೀಮೆಯ ಕಥೆ ಅಲ್ಲಿಂದ ಶುರು, ಸುಟ್ಟ ಬೂಟಿನಿಂದ. ನನಗೆ ಆ ಊರಿನ ಬಗ್ಗೆ ಬೇರೆಲ್ಲ ಮರೆತರೂ ಇದು ಮರೆಯಲ್ಲ.


ನಿವೃತ್ತ ಮೇಷ್ಟ್ರು | ಭಾನುವಾರ, ಮಧ್ಯಾಹ್ನ 1.10

ಭರಣಿ ತಾಯಿ, ಒಂದು ಸೇರಿಸಲೇ? ಆ ಊರಿನವರು ಹ್ಯೂಗನಾಟರು, ಫ್ರಾನ್ಸಿನ ಪ್ರಾಟೆಸ್ಟಂಟ್ ಅಲ್ಪಸಂಖ್ಯಾತರು. ಅವರ ಅಜ್ಜ ಮುತ್ತಜ್ಜಂದಿರನ್ನೇ ರಾಜರ ಸೈನಿಕರು ಇದೇ ಗುಡ್ಡಗಳಲ್ಲಿ ಬೇಟೆಯಾಡಿದ್ದರು. ಬಚ್ಚಿಡುವುದು ಅವರಿಗೆ ಮನೆತನದ ವಿದ್ಯೆ. 1942ರ ಆಗಸ್ಟಿನಲ್ಲಿ, ಜರ್ಮನ್ನರ ಜೊತೆ ಕೈಜೋಡಿಸಿದ್ದ ಫ್ರೆಂಚ್ ಸರ್ಕಾರದ ಮಂತ್ರಿ ಆ ಹಳ್ಳಿಗೆ ಬಂದಾಗ ಶಾಲೆಯ ದೊಡ್ಡ ಹುಡುಗರು ಅವನ ಕೈಗೇ ಪತ್ರ ಕೊಟ್ಟರು: ನಮ್ಮಲ್ಲಿ ಯಹೂದಿಗಳಿದ್ದಾರೆ, ಅವರನ್ನು ಕೇಳಿ ಬಂದರೆ ಕೊಡುವುದಿಲ್ಲ ಅಂತ. ಎರಡು ವಾರಕ್ಕೆ ಪೊಲೀಸರು ಬಸ್ಸು ತಂದು ನಿಲ್ಲಿಸಿದರು, ಬಸ್ಸುಗಳು ಬಹುತೇಕ ಖಾಲಿಯೇ ಹೋದವು. ಎಲ್ಲವೂ ಸುಖಾಂತವಲ್ಲ. ಪಾದ್ರಿಯ ಸೋದರಸಂಬಂಧಿ ದಾನಿಯೆಲ್ ತ್ರೋಕ್ಮೆ ತನ್ನ ವಿದ್ಯಾರ್ಥಿಗಳ ಜೊತೆ 1943ರ ಜೂನಿನಲ್ಲಿ ಸಿಕ್ಕಿಬಿದ್ದು ಮಾಯ್ದಾನೆಕ್ ಶಿಬಿರದಲ್ಲಿ ಸತ್ತ.


ಪಬ್ಲಿಕ್ ಅಭಿಪ್ರಾಯ | ಭಾನುವಾರ, ಮಧ್ಯಾಹ್ನ 2.00

ಅದೆಲ್ಲ ಬಿಡಿ, ಇವತ್ತು ಗಾಜಾದಲ್ಲಿ

[ಈ ಪ್ರತಿಕ್ರಿಯೆಯನ್ನು ನಿರ್ವಾಹಕರು ಬೇರೆ ಎಳೆಗೆ ಸಾಗಿಸಿದ್ದಾರೆ. ಅಲ್ಲಿ ಈಗಾಗಲೇ 412 ಪ್ರತಿಕ್ರಿಯೆಗಳಿವೆ, ಜಗಳಕ್ಕೆ ಜಾಗ ಇದೆ.]


ಹಾರ್ಲೆಮ್ ಕನ್ನಡಿಗಿತ್ತಿ | ಭಾನುವಾರ, ಸಂಜೆ 5.25

ನಾನಿರುವುದು ಹಾಲೆಂಡಿನ ಹಾರ್ಲೆಮ್‌ನಲ್ಲಿ. ತರಕಾರಿ ತರಲು ಹೋಗುವ ದಾರಿಯಲ್ಲೇ ಒಂದು ಹಳೇ ಗಡಿಯಾರದ ಅಂಗಡಿ ಇದೆ, ಯುದ್ಧದ ಹೊತ್ತಿಗೆ ಯಹೂದಿಗಳನ್ನು ಬಚ್ಚಿಟ್ಟಿದ್ದ ಟೆನ್ ಬೋಮ್ ಮನೆತನದ್ದು. ಮೇಲೆ ಮನೆ, ಈಗ ಮ್ಯೂಸಿಯಂ. ಊರಿಂದ ಅಮ್ಮ ಬಂದಾಗ ಕರೆದುಕೊಂಡು ಹೋಗಿದ್ದೆ.

ಮನೆ ಅಂದರೆ ಬೆಂಕಿಪೊಟ್ಟಣ ಒಂದರ ಮೇಲೊಂದು ಜೋಡಿಸಿದ ಹಾಗೆ. ಕಡಿದಾದ ಮೆಟ್ಟಿಲು, ಅಮ್ಮ ಸೆರಗು ಸಿಕ್ಕಿಸಿಕೊಂಡು ಕೈಯೂರಿ ಹತ್ತಿದರು. ಎಲ್ಲಕ್ಕಿಂತ ಮೇಲಿನದು ಕೋರಿ ಅನ್ನುವ ಮಗಳ ಮಲಗುವ ಕೋಣೆ. ಐವತ್ತು ದಾಟಿದ್ದ, ಮದುವೆಯಾಗದ, ಅಪ್ಪನ ಜೊತೆ ಗಡಿಯಾರ ರಿಪೇರಿ ಮಾಡುತ್ತಿದ್ದ ಹೆಂಗಸು. ಆ ಕೋಣೆಯ ಗೋಡೆಯ ಮುಂದೆ ಇಟ್ಟಿಗೆಯ ಇನ್ನೊಂದು ಗೋಡೆ ಕಟ್ಟಿಸಿದ್ದರು. ಎರಡರ ನಡುವೆ ಮುಕ್ಕಾಲು ಮೀಟರಿನಷ್ಟು ಸಂದು. ಒಳಗೆ ಹೋಗುವ ದಾರಿ ಬಟ್ಟೆಯ ಬೀರುವಿನ ಕೆಳಗಿನ ಅರೆಯಲ್ಲಿ, ಹಲಗೆ ಸರಿಸಿ ಹೊಟ್ಟೆ ಮೇಲೆ ತೆವಳಿಕೊಂಡು. ಗಂಟೆ ಬಾರಿಸಿದರೆ ಎಲ್ಲರೂ ಒಂದು ನಿಮಿಷದ ಆಚೀಚೆಗೆ ಒಳಗಿರಬೇಕು, ತಟ್ಟೆ ಲೋಟ ಎತ್ತಿರಬೇಕು, ಹಾಸಿಗೆ ಮಗುಚಿರಬೇಕು (ಬೆಚ್ಚಗಿದ್ದರೆ ಪೊಲೀಸರಿಗೆ ಗೊತ್ತಾಗುತ್ತದೆ). ಅದಕ್ಕೆ ತಾಲೀಮು ನಡೆಸುತ್ತಿದ್ದರಂತೆ.

1944ರ ಫೆಬ್ರವರಿ 28. ಯಾರೋ ಚಾಡಿ ಹೇಳಿ ದಾಳಿ ಆಯಿತು. ಆರು ಜನ ಆ ಸಂದಿನಲ್ಲಿ ಅನ್ನ ನೀರಿಲ್ಲದೆ ಎರಡು ದಿನದಷ್ಟು ನಿಂತಿದ್ದರು, ಸಿಗಲಿಲ್ಲ. ಮನೆಯವರು ಸಿಕ್ಕರು. ಅಪ್ಪ ಕ್ಯಾಸ್ಪರ್‌ಗೆ 84 ವರ್ಷ. ಇನ್ನು ಗಲಾಟೆ ಮಾಡಲ್ಲ ಅಂದರೆ ಮನೆಗೆ ಕಳಿಸ್ತೀವಿ ಅಂದರಂತೆ. ನಾಳೆ ಯಾರು ಬಾಗಿಲು ತಟ್ಟಿದರೂ ತೆಗೀತೀನಿ ಅಂದರಂತೆ ಅಜ್ಜ. ಹತ್ತು ದಿನಕ್ಕೆ ಸೆರೆಯಲ್ಲೇ ತೀರಿಕೊಂಡರು. ಅಕ್ಕ ಬೆಟ್ಸಿ ರಾವೆನ್ಸ್‌ಬ್ರೂಕ್ ಶಿಬಿರದಲ್ಲಿ. ಕೋರಿ ಬದುಕಿ ಬಂದಳು.

ಈಗ ಆ ಗೋಡೆಯನ್ನು ಒಂದು ಕಡೆ ಒಡೆದು ಒಳಗು ಕಾಣುವ ಹಾಗೆ ಮಾಡಿದ್ದಾರೆ. ಅಮ್ಮ ಬಗ್ಗಿ ನೋಡಿ "ನಮ್ಮ ದೇವರ ಕೋಣೆಗಿಂತ ಚಿಕ್ಕದು ಕಣೇ" ಅಂದರು.

ದುಡ್ಡಿನ ಮಾತು ಬಂತಲ್ಲ, ಇಲ್ಲಿನ ಇನ್ನೊಂದು ದರ ಹೇಳ್ತೀನಿ. ಅಡಗಿದ ಯಹೂದಿಯನ್ನು ಹುಡುಕಿ ಒಪ್ಪಿಸಿದರೆ ತಲೆಗೆ ಏಳೂವರೆ ಗಿಲ್ಡರ್. 1943ರಲ್ಲಿ ಹೆನ್ನೈಕೆ ಅನ್ನುವವನ ತಂಡ, ಎಲ್ಲರೂ ಡಚ್ಚರೇ, ಕೆಲವೇ ತಿಂಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ಹೀಗೆ ಹಿಡಿದುಕೊಟ್ಟಿತು. ಈ ದೇಶದ 1,40,000 ಯಹೂದಿಗಳಲ್ಲಿ 1,02,000 ಜನ ಸತ್ತರು. ಅಡಗಿಕೊಂಡವರಿಗೆ ಇಲ್ಲಿ 'ಒಂಡರ್‌ಡೈಕರ್' ಅಂತಾರೆ, ಅಂದರೆ ಮುಳುಗು ಹಾಕಿದವರು. ಹಾಗೆ ಮುಳುಗು ಹಾಕಿದ ಸುಮಾರು 28 ಸಾವಿರ ಮಂದಿಯಲ್ಲಿ 16 ಸಾವಿರದಷ್ಟು ಮೇಲೆದ್ದರು. ನನ್ನ ಪಕ್ಕದ ಮನೆಯ ವಯಸ್ಸಾದವರ ಹತ್ತಿರ ಈ ವಿಷಯ ಎತ್ತಿದರೆ ಮಾತು ಹವಾಮಾನಕ್ಕೆ ಹೊರಳುತ್ತೆ.


ಕರಿಕೋಟು | ಭಾನುವಾರ, ಸಂಜೆ 6.10

ಚಾಡಿ ಹೇಳುವವರ ಕಾಟಕ್ಕೆ ಅದೇ ಹಾಲೆಂಡಿನ ನ್ಯೂಲಾಂಡೆ ಅನ್ನುವ ಹಳ್ಳಿಯವರು ಒಂದು ಉಪಾಯ ಕಂಡುಕೊಂಡಿದ್ದರು. ಮನೆಗೊಬ್ಬರಂತೆ ಎಲ್ಲರೂ ಬಚ್ಚಿಡುವುದು. ಎಲ್ಲರ ಮನೆಯಲ್ಲೂ ಇದ್ದರೆ ಯಾರು ಯಾರ ಮೇಲೆ ಹೇಳುತ್ತಾರೆ? ಇಡೀ ಊರಿಗೆ ಮನ್ನಣೆ ಸಿಕ್ಕಿದ್ದು ಆ ಹಳ್ಳಿಗೆ ಮತ್ತು ಭರಣಿಯವರು ಹೇಳಿದ ಲೆ ಶಾಂಬೋನ್‌ಗೆ.

ಇದಕ್ಕೆ ತದ್ವಿರುದ್ಧ ಪೋಲೆಂಡಿನ ಮಾರ್ಕೋವಾ. ಯೂಸೆಫ್ ಉಲ್ಮಾ ಅನ್ನುವ ರೈತ, ಫೋಟೋ ಹುಚ್ಚಿನವನು. ಹೆಂಡತಿ ವಿಕ್ಟೋರಿಯಾ ತುಂಬು ಗರ್ಭಿಣಿ, ಆರು ಮಕ್ಕಳು. ಅಟ್ಟದಲ್ಲಿ ಎಂಟು ಯಹೂದಿಗಳು. 1944ರ ಮಾರ್ಚ್ 24ರಂದು ಜರ್ಮನ್ ಪೊಲೀಸರು ಬಂದು ಎಲ್ಲರನ್ನೂ ಕೊಂದರು, ಮಕ್ಕಳನ್ನೂ ಬಿಡಲಿಲ್ಲ. ಹೇಳಿಕೊಟ್ಟವನು ಆ ಯಹೂದಿಗಳ ಆಸ್ತಿಯನ್ನು ತನ್ನ ವಶದಲ್ಲಿಟ್ಟುಕೊಂಡಿದ್ದ ಪೊಲೀಸಿನವನು ಅಂತ ಹೇಳುತ್ತಾರೆ. ತುಂಗಾತೀರ, ದುಡ್ಡು ತಗೊಂಡು ಕೈಕೊಟ್ಟವನು ಅಂದರೆ ಇವನು. ನಿಮ್ಮ ಮೀನುಗಾರರನ್ನು ಇವನ ಪಕ್ಕ ನಿಲ್ಲಿಸಿ ನೋಡಿ. ಈ ಘಟನೆಯಾದ ಮೇಲೂ ಅದೇ ಊರಿನ ಬೇರೆ ಮನೆಗಳಲ್ಲಿ ಅಡಗಿದ್ದ ಇಪ್ಪತ್ತರಷ್ಟು ಯಹೂದಿಗಳನ್ನು ಯಾರೂ ಹೊರಗೆ ಹಾಕಲಿಲ್ಲ. ಮಾರನೇ ದಿನವೂ ಅವರಿಗೆ ಊಟ ಹೋಯಿತು.


ಮಲ್ಲೇಶ್ವರದ ಎಂಟನೇ ಕ್ರಾಸ್ | ಭಾನುವಾರ, ರಾತ್ರಿ 7.45

ನಮ್ಮೂರಿನ ಎಳೆಯೊಂದು ಇದೆ, ಚಿಕ್ಕದು. ನಾಜಿಗಳು ಕೆಲಸ ಕಿತ್ತುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು ಸಿ. ವಿ. ರಾಮನ್ 1935ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ (ಐಐಎಸ್‌ಸಿ) ಕರೆಸಿಕೊಂಡಿದ್ದರು. ಅವರು ಆರು ತಿಂಗಳಷ್ಟೇ ಇದ್ದು ಹೋದರು. ಅವರ ಸೋದರಳಿಯ ಓಟೋ ಕೋನಿಗ್ಸ್‌ಬರ್ಗರ್, ಬರ್ಲಿನ್ನಿನಿಂದ ಓಡಿಬಂದ ಆರ್ಕಿಟೆಕ್ಟ್, 1939ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು. ಇನ್‌ಸ್ಟಿಟ್ಯೂಟಿನೊಳಗೆ ಅವರು ಕಟ್ಟಿದ ಕಟ್ಟಡ ಈಗಲೂ ಇದೆ. ಇದು ಪ್ರಾಣಾಪಾಯದ ಕೆಲಸವಲ್ಲ, ಒಪ್ಪುತ್ತೇನೆ. ನೌಕರಿ ಕೊಟ್ಟದ್ದು ಅಷ್ಟೇ. ಆದರೆ ಆ ವರ್ಷಗಳಲ್ಲಿ ಒಂದು ನೌಕರಿ, ಒಂದು ವೀಸಾ ಕೊಡಲು ಎಷ್ಟೋ ದೊಡ್ಡ ದೇಶಗಳೇ ಮೀನಮೇಷ ಎಣಿಸುತ್ತಿದ್ದವು.


ತುಂಗಾತೀರ | ಭಾನುವಾರ, ರಾತ್ರಿ 9.20

ಎಲ್ಲರಿಗೂ ವಂದನೆ. ದಂಡೆಯಲ್ಲಿ ನಿಂತು ಚೌಕಾಸಿ ಮಾಡಿದ ಹಾಗೆ ಅಂತ ಬರೆದಿದ್ದೆನಲ್ಲ, ಆ ಮಾತು ಹಿಂದೆ ತಗೊಳ್ತೀನಿ. ದುಡ್ಡು ಕೊಡಲಾಗದವರನ್ನೂ ಹತ್ತಿಸಿಕೊಂಡರು ಅನ್ನುವುದು ನನಗೆ ಗೊತ್ತಿರಲಿಲ್ಲ. ಆದರೂ ಮೊದಲ ದಿನಗಳಲ್ಲಿ ಹಿಂಡಿದವರ ಬಗ್ಗೆ ನನ್ನ ಅಸಮಾಧಾನ ಹಾಗೇ ಇದೆ, ಕರಿಕೋಟು ಸಾಹೇಬರು ಏನೇ ತೀರ್ಪು ಕೊಡಲಿ.

ಮನೆಯ ಗುಂಪಿಗೆ ಸುಟ್ಟ ಬೂಟಿನ ಕಥೆ ಹಾಕಿದ್ದೇನೆ. ಅಕ್ಕನ ಮಗ ಹುಡುಕಿ ನೋಡಿ "ಮಾಮ, ಇದು ನಿಜ" ಅಂತ ಬರೆದ. ನನ್ನ ಹೆಂಡತಿ ಮಾತ್ರ, ಒದ್ದೆ ಬೂಟನ್ನು ಒಲೆಯಲ್ಲಿ ಯಾರಾದರೂ ಇಡ್ತಾರಾ ಅಂತ ಕೇಳಿದಳು.


ಮಲ್ಪೆ ಬಂದರು | ಭಾನುವಾರ, ರಾತ್ರಿ 9.50

ನಾನು ಈ ಡೆನ್ಮಾರ್ಕಿನ ಕಥೆಯನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಪೂರ್ತಿ ಕೇಳಿದ್ರು. ಒಳ್ಳೆದು ಕೆಟ್ಟದು ಏನೂ ಹೇಳ್ಲಿಲ್ಲ. ಕೇಳಿದ್ದು ಮೂರೇ ಪ್ರಶ್ನೆ. ಎಷ್ಟು ದೂರ? ಒಂದು ಬೋಟಿಗೆ ಎಷ್ಟು ಜನ? ಅಮಾಸೆಯೋ ಹುಣ್ಣಿಮೆಯೋ?

ದೂರ ನಾನೇ ಹೇಳಿದೆ, ಹೆಲ್ಸಿಂಗೋರ್ ಹತ್ರ ಬರೀ ನಾಲ್ಕು ಕಿಲೋಮೀಟರ್, ಬೇರೆ ಕಡೆ ಅದಕ್ಕಿಂತ ತುಂಬಾ ಜಾಸ್ತಿ. ಜನ, ಬೋಟಿನ ಮೇಲೆ ಹೋಗ್ತದೆ ಅಂದೆ. ಮೂರನೇದಕ್ಕೆ ಉತ್ತರ ಗೊತ್ತಿರ್ಲಿಲ್ಲ. ಮೇಷ್ಟ್ರೇ?


ನಿವೃತ್ತ ಮೇಷ್ಟ್ರು | ಭಾನುವಾರ, ರಾತ್ರಿ 10.35

ನಿಮ್ಮ ತಂದೆಗೆ ನನ್ನ ನಮಸ್ಕಾರ ತಿಳಿಸಿ. ಇಷ್ಟು ವರ್ಷ ಪಾಠ ಮಾಡಿ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ.

ಲೆಕ್ಕ ಹಾಕಿದೆ. ಜರ್ಮನ್ನರು ದಾಳಿಗೆ ಆರಿಸಿಕೊಂಡದ್ದು ಯಹೂದಿಗಳ ಹೊಸವರ್ಷದ ಹಬ್ಬವನ್ನು, ಎಲ್ಲರೂ ಮನೆಯಲ್ಲೇ ಇರುತ್ತಾರೆ ಅಂತ. ಅವರ ಹೊಸವರ್ಷ ಯಾವಾಗಲೂ ಅಮಾವಾಸ್ಯೆ ಕಳೆದ ಕೂಡಲೇ ಬರುವುದು. ಆ ವರ್ಷ ಸೆಪ್ಟೆಂಬರ್ 29ಕ್ಕೆ ಅಮಾವಾಸ್ಯೆ, 30ಕ್ಕೆ ಹಬ್ಬ. ನಮ್ಮ ಪಂಚಾಂಗದಲ್ಲಿ ಅದು ನವರಾತ್ರಿಯ ಪಾಡ್ಯ. ದೋಣಿಗಳು ಅತಿ ಹೆಚ್ಚು ಓಡಾಡಿದ್ದು ಅಲ್ಲಿಂದ ಮುಂದಿನ ಹತ್ತು ಹನ್ನೆರಡು ರಾತ್ರಿ, ಅಂದರೆ ದಸರೆಯ ಆಚೀಚೆ. ಆ ಚರ್ಚಿನ ಅಟ್ಟದವರು ಸಿಕ್ಕಿಬಿದ್ದದ್ದು ಅಷ್ಟಮಿಯ ಆಸುಪಾಸು.


ಮಲ್ಪೆ ಬಂದರು | ಭಾನುವಾರ, ರಾತ್ರಿ 10.50

ಅಪ್ಪನಿಗೆ ಓದಿ ಹೇಳಿದೆ. "ಹಾಗಾದ್ರೆ ಮೊದಲ ನಾಲ್ಕೈದು ದಿನ ಒಳ್ಳೆ ಕತ್ತಲೆ. ಆಮೇಲೆ ಹೋದವರು ಚಂದ್ರ ಮುಳುಗುವವರೆಗೆ ಕಾದು ಬೋಟು ಬಿಟ್ಟಿರ್ಬೇಕು" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಇಂಜಿನ್ ಸದ್ದು ಏನು ಮಾಡಿದ್ರು ಅಂತ ಆ ಮೇಷ್ಟ್ರ ಹತ್ರ ಕೇಳು" ಅಂತ ಹೇಳಿ ಫೋನ್ ಇಟ್ರು.